ಶಾಲೆ ಮುಚ್ಚಿದ್ದಾಗ ಮಕ್ಕಳ ಜೊತೆ ಸಂಪರ್ಕ ಉಳಿಸಿಕೊಂಡದ್ದು ಹೇಗೆ? ನಿಮ್ಮೂರಿನ ಅನುಭವ ಬರೆಯಿರಿ

ಕಲಘಟಗಿ ಅಕ್ಕೋರು

ಎಲ್ಲರಿಗೂ ನಮಸ್ಕಾರ. ನಾನು ಕಲಘಟಗಿ ತಾಲೂಕಿನ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಈ ವಾರ ಮಳೆ ಜೋರಾಗಿ ಮೂರು ದಿನ ರಜೆ ಕೊಟ್ಟರು. ನಮ್ಮಲ್ಲಿಗೆ ಹೊಸದಾಗಿ ಬಂದ ಸರ್ ಒಬ್ಬರಿದ್ದಾರೆ, ಒಳ್ಳೆ ಹುರುಪಿನವರು. ಮೊದಲ ದಿನವೇ ವಾಟ್ಸಾಪ್ ಗ್ರೂಪಿನಲ್ಲಿ ಪಾಠದ ವಿಡಿಯೋ ಹಾಕಿದರು, ಹೋಮ್‌ವರ್ಕ್ ಹಾಕಿದರು. ಸಂಜೆ ನನಗೆ ಫೋನ್ ಮಾಡಿ, "ಮೇಡಂ, 31 ಮಕ್ಕಳಲ್ಲಿ 19 ಮನೆಯವರು ನೋಡಿದ್ದಾರೆ, ಪರವಾಗಿಲ್ಲ ಅಲ್ವಾ?" ಅಂದರು. ಉಳಿದ 12 ಮಕ್ಕಳು ಯಾರು ಸರ್ ಅಂತ ಕೇಳಿದೆ. ಅವರು ಸುಮ್ಮನಾದರು. ಬೇಜಾರು ಮಾಡಿಕೊಳ್ಳಬೇಡಿ, 2020ರಲ್ಲಿ ಕೊರೊನಾಕ್ಕೆ ಶಾಲೆ ಮುಚ್ಚಿದಾಗ ಮೊದಲ ಕೆಲವು ವಾರ ನಾನೂ ಹೀಗೇ ನೋಡಿದವರನ್ನಷ್ಟೇ ಎಣಿಸುತ್ತಿದ್ದೆ ಅಂತ ಹೇಳಿದೆ.

ಆ ರಾತ್ರಿ ಟ್ರಂಕ್ ತೆಗೆದು ಆಗಿನ ನೋಟ್‌ಬುಕ್ ಹುಡುಕಿದೆ. 200 ಪುಟದ ಲಾಂಗ್ ಬುಕ್, ರಟ್ಟಿಗೆ ಹಳೇ ಕ್ಯಾಲೆಂಡರಿನ ಹಾಳೆ ಹಾಕಿದ್ದೆ. ಒಂದು ಮಗುವಿಗೆ ಒಂದು ಪುಟ. ಅದರಲ್ಲಿ ಅಂಕ ಇಲ್ಲ, ಪಾಠ ಇಲ್ಲ. ಹೀಗಿದೆ ನೋಡಿ: "ಅಪ್ಪನ ಬಟನ್ ಫೋನ್. ರಾತ್ರಿ 8ರ ಮೇಲೆ ಮಾಡಬೇಕು. ಹೊಲದಲ್ಲಿ ಸಿಗ್ನಲ್ ಇಲ್ಲ." ಇನ್ನೊಂದು ಪುಟ: "ಮನೆಯಲ್ಲಿ ಫೋನ್ ಇಲ್ಲ. ಪಕ್ಕದ ಮನೆ ಕಾಕಾನ ನಂಬರ್. ಭಾನುವಾರ ಮಾತ್ರ." ಮತ್ತೊಂದು: "ಅಣ್ಣನ ಟಚ್ ಫೋನ್. ಅಣ್ಣ ಹುಬ್ಬಳ್ಳಿಗೆ ಕೆಲಸಕ್ಕೆ ಹೋದರೆ ಫೋನೂ ಹೋಗುತ್ತದೆ. ಅಜ್ಜಿಗೆ ಹೇಳಿದರೆ ಮರೆಯುವುದಿಲ್ಲ." ಒಂದು ಪುಟದ ಕೆಳಗೆ ಕೆಂಪು ಪೆನ್ನಿನಲ್ಲಿ "ಗೋವಾಕ್ಕೆ ಹೋದರು, ಜನವರಿ" ಅಂತ ಬರೆದಿದ್ದೇನೆ. ಆ ಹುಡುಗಿ ತಿರುಗಿ ಬರಲಿಲ್ಲ. ಈಗಲೂ ಆ ಪುಟ ತೆಗೆದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

2020ರ ಮಾರ್ಚ್ ನಡುವೆ ಶಾಲೆ ಮುಚ್ಚಿದಾಗ ಹದಿನೈದು ದಿನದ ಮಾತು ಅಂದುಕೊಂಡಿದ್ದೆವು. 1ರಿಂದ 5ನೇ ತರಗತಿಯವರಿಗೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಹತ್ತೊಂಬತ್ತು ತಿಂಗಳು! ನಡುವೆ 2020ರ ಆಗಸ್ಟ್‌ನಲ್ಲಿ ಸರಕಾರದ ವಿದ್ಯಾಗಮ ಯೋಜನೆ ಬಂತು, ಟೀಚರ್‌ಗಳೇ ಮಕ್ಕಳಿದ್ದಲ್ಲಿಗೆ ಹೋಗಿ ಕಲಿಸುವುದು. ಟಚ್ ಫೋನ್ ಇರುವ ಮಕ್ಕಳು, ಬಟನ್ ಫೋನ್ ಇರುವವರು, ಯಾವ ಫೋನೂ ಇಲ್ಲದವರು ಅಂತ ಮೂರು ಭಾಗ ಮಾಡಿಕೊಳ್ಳಿ ಅಂದರು. ಮನೆ ಮನೆಗೆ ಹೋಗಿ ಹಾಗೆ ಬರೆದುಕೊಳ್ಳುವಾಗಲೇ ಈ ನೋಟ್‌ಬುಕ್ ಶುರುವಾದದ್ದು.

ನನ್ನ ಅನಿಸಿಕೆ ನೇರವಾಗಿ ಹೇಳುತ್ತೇನೆ. ಉತ್ತರ ಬರದ ಮನೆಗೆ ಯಾರಾದರೂ ಹೋಗಿ ವಿಚಾರಿಸಿದ ಕಡೆ ಮಕ್ಕಳು ಶಾಲೆಯ ಜೊತೆ ಉಳಿದರು. ಯಾರೂ ಹೋಗದ ಕಡೆ ಕೈತಪ್ಪಿದರು. ವಿಡಿಯೋ ಎಷ್ಟೇ ಚೆನ್ನಾಗಿದ್ದರೂ ಇದರಲ್ಲಿ ವ್ಯತ್ಯಾಸ ಆಗಲಿಲ್ಲ. ನಿಮ್ಮ ಊರಲ್ಲಿ ಏನು ಮಾಡಿದಿರಿ, ಯಾವುದು ಕೆಲಸ ಮಾಡಿತು, ಯಾವುದು ಇಲ್ಲ, ದಯವಿಟ್ಟು ಬರೆಯಿರಿ. ಹೊಸ ಸರ್‌ಗೆ ಓದಿಸಬೇಕು.

ಹಳೇ ಹುಬ್ಬಳ್ಳಿ ತಾಯಿ

ಅಕ್ಕೋರೆ, ಓದಿ ಕಣ್ಣು ತುಂಬಿತು. ನಾನು ಮನೆಯಲ್ಲಿ ಬ್ಲೌಸ್ ಹೊಲಿಯುತ್ತೇನೆ, ಮನೆಯವರದು ಆಟೋ. ಮೂರು ಮಕ್ಕಳು, ಒಂದೇ ಟಚ್ ಫೋನ್. 8ನೇ ತರಗತಿಯವಳಿಗೂ 5ನೇ ತರಗತಿಯವನಿಗೂ ಬೆಳಗ್ಗೆ 10ಕ್ಕೇ ಕ್ಲಾಸ್. ಯಾರಿಗೆ ಕೊಡಬೇಕು? ದೊಡ್ಡವಳಿಗೆ ಕೊಡುತ್ತಿದ್ದೆ. ಸಣ್ಣವನು ಪಕ್ಕದಲ್ಲಿ ಕೂತು ಅಕ್ಕನ ವಿಜ್ಞಾನ ಕೇಳುತ್ತಿದ್ದ. ಅವನ ಪಾಠ ರಾತ್ರಿ ಅಪ್ಪ ಮನೆಗೆ ಬಂದ ಮೇಲೆ, ಅದೂ ನೆಟ್ ಉಳಿದಿದ್ದರೆ.

ಆಗ ಇಬ್ಬರೂ ಒಂದು ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿದ್ದರು, ಹೆಸರು ಬೇಡ. ಲಾಕ್‌ಡೌನ್‌ನಲ್ಲಿ ಆಟೋ ನಿಂತಿತು, ಮದುವೆಗಳಿಲ್ಲ ಅಂತ ಹೊಲಿಗೆಯೂ ನಿಂತಿತು. ಫೀ ಕಟ್ಟಲು ಆಗಲಿಲ್ಲ. ಒಂದು ದಿನ ಆಫೀಸಿನಿಂದ ಮೆಸೇಜ್ ಬಂತು, ಬಾಕಿ ಇರುವವರನ್ನು ಗ್ರೂಪಿನಿಂದ ತೆಗೆಯುತ್ತೇವೆ ಅಂತ. ಮಾರನೇ ದಿನ ತೆಗೆದೇ ಬಿಟ್ಟರು. ಅವತ್ತು ಮಗಳಿಗೆ ಕ್ಲಾಸ್ ಇರಲಿಲ್ಲ, ಮಗನ ಸರದಿ. ತಲೆ ಬಾಚಿಕೊಂಡು, ಯೂನಿಫಾರ್ಮ್ ಅಂಗಿ ಹಾಕಿಕೊಂಡು ಫೋನ್ ಮುಂದೆ ಕೂತಿದ್ದಾನೆ. ಲಿಂಕ್ ಬರಲೇ ಇಲ್ಲ. "ಅವ್ವಾ, ಇವತ್ತು ಸೂಟಿ ಏನು?" ಅಂತ ಕೇಳಿದ. ಹೌದು ಅಂದೆ. ಇನ್ನೇನು ಹೇಳಲಿ? ಗ್ರೂಪಿನಲ್ಲಿ ಇರುವುದು ಅಂದರೆ ಅವನಿಗೆ ಶಾಲೆಯಲ್ಲಿ ಇರುವುದು. ಅಲ್ಲಿಂದ ತೆಗೆದರೆ ಶಾಲೆಯಿಂದ ಹೊರಗೆ ಹಾಕಿದ ಹಾಗೆ. ಹತ್ತು ವರ್ಷದ ಹುಡುಗನಿಗೆ ಫೀ ಗೀ ಏನು ಗೊತ್ತು.

ಆದರೆ ಅದೇ ಶಾಲೆಯ ಅವನ ಕ್ಲಾಸ್ ಟೀಚರ್ ತನ್ನ ಸ್ವಂತ ನಂಬರಿನಿಂದ ದಿನಾ ರಾತ್ರಿ ನೋಟ್ಸಿನ ಫೋಟೋ ಕಳಿಸುತ್ತಿದ್ದರು. ಯಾರಿಗೂ ಹೇಳಬೇಡಿ ಅಂದಿದ್ದರು. ಅವರಿಗೂ ಅರ್ಧ ಸಂಬಳವೇ ಬರುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ಆ ತಾಯಿಗೆ ನಾನು ಸಾಯುವ ತನಕ ಋಣಿ. 2021ರಲ್ಲಿ ಮಗನನ್ನು ಸರಕಾರಿ ಶಾಲೆಗೆ ಹಾಕಿದೆವು. ಸೇರಿಸಿದ ವಾರದಲ್ಲೇ ಹೆಡ್ ಮಾಸ್ತರು ನಮ್ಮ ಓಣಿಗೆ ಬಂದು ಮನೆ ನೋಡಿಕೊಂಡು ಹೋದರು. ಖಾಸಗಿ ಶಾಲೆಯಲ್ಲಿ ಆರು ವರ್ಷ ಓದಿಸಿದ್ದೆವು, ಯಾರೂ ಮನೆಗೆ ಬಂದಿರಲಿಲ್ಲ.

ಹಾನಗಲ್ ಎಸ್‌ಡಿಎಂಸಿ

ಅಕ್ಕೋರಿಗೆ ಶರಣು. ನಾನು ಹಾವೇರಿ ಜಿಲ್ಲೆ ಹಾನಗಲ್ ತಾಲೂಕಿನವನು, ಆಗ ನಮ್ಮ ಊರಿನ ಶಾಲಾಭಿವೃದ್ಧಿ ಸಮಿತಿಯಲ್ಲಿದ್ದೆ. ನಮ್ಮ ಕಡೆ ಕೆಲಸ ಮಾಡಿದ್ದು ಎರಡು: ಅಕ್ಕಿ, ಮತ್ತೆ ಹಿಟ್ಟಿನ ಗಿರಣಿ.

ಬಿಸಿಯೂಟ ನಿಂತ ಮೇಲೆ ಮಕ್ಕಳ ಪಾಲಿನ ಅಕ್ಕಿ, ಬೇಳೆ ಮನೆಗೆ ಕೊಟ್ಟರಲ್ಲ, ಅದನ್ನು ಒಯ್ಯಲು ಎಲ್ಲರೂ ಶಾಲೆಗೆ ಬರಬೇಕಿತ್ತು. ನಮ್ಮ ಹೆಡ್ ಮಾಸ್ತರು ಆ ದಿನವನ್ನು ಬಿಡಲಿಲ್ಲ. ತೂಕದ ಯಂತ್ರದ ಪಕ್ಕದಲ್ಲೇ ಒಂದು ಬೆಂಚ್ ಹಾಕಿಸಿದರು. ಪಾಲಕರು ಚೀಲ ಹಿಡಿದು ಬಂದರೆ ಮೊದಲು ಬೆಂಚ್ ಹತ್ತಿರ ಹೋಗಬೇಕು. ಹುಡುಗ ಹೇಗಿದ್ದಾನೆ, ಮನೆಯಲ್ಲಿ ಯಾರಿಗಾದರೂ ಜ್ವರ ಇದೆಯಾ, ದುಡಿಯಲು ಕಳಿಸುತ್ತಿದ್ದೀರಾ, ಎಲ್ಲ ವಿಚಾರಣೆ. ಹಳೇ ಹಾಳೆ ಕೊಟ್ಟು ಹೊಸ ಹಾಳೆ ಒಯ್ಯಬೇಕು. ಆಮೇಲೆ ಅಕ್ಕಿ. ಅಕ್ಕಿ ಒಯ್ಯಲೂ ಯಾರೂ ಬರದ ಮನೆ ಇದ್ದರೆ ಅಲ್ಲಿ ಏನೋ ತೊಂದರೆ ಇದೆ ಅಂತಲೇ ಅರ್ಥ. ಸಂಜೆಗೆ ನಾವು ಇಬ್ಬರು ಅಲ್ಲಿಗೆ ಹೋಗುತ್ತಿದ್ದೆವು. ಹಾಗೆ ಹೋದಾಗ ಒಂದು ಮನೆಯಲ್ಲಿ ತಾಯಿ ಹಾಸಿಗೆ ಹಿಡಿದಿದ್ದರು, 6ನೇ ತರಗತಿಯ ಹುಡುಗಿ ಒಲೆ ಮುಂದೆ ಕೂತಿದ್ದಳು. ಶಾಲೆ ಇದ್ದಿದ್ದರೆ ಎರಡನೇ ದಿನಕ್ಕೇ ಗೊತ್ತಾಗುತ್ತಿತ್ತು. ನಮಗೆ ಗೊತ್ತಾಗುವಷ್ಟರಲ್ಲಿ ಇಪ್ಪತ್ತು ದಿನ ಆಗಿತ್ತು.

ಗಿರಣಿ ವಿಷಯ. ಅಕ್ಕಿ ಕೊಡುವುದು ದಿನಾ ಇರುವುದಿಲ್ಲ, ಆದರೆ ಹಿಟ್ಟು ಹಾಕಿಸಲು ವಾರಕ್ಕೆ ಒಮ್ಮೆಯಾದರೂ ಪ್ರತಿ ಮನೆಯಿಂದ ಯಾರಾದರೂ ಗಿರಣಿಗೆ ಬಂದೇ ಬರುತ್ತಾರೆ. ಅದಕ್ಕೆ ಗಿರಣಿಯಲ್ಲಿ ತರಗತಿಗೆ ಒಂದರಂತೆ ಬಟ್ಟೆ ಚೀಲ ನೇತು ಹಾಕಿದೆವು. ಮಾಸ್ತರು ಸೋಮವಾರ ಝೆರಾಕ್ಸ್ ಹಾಳೆ ಇಟ್ಟು ಹೋಗುವರು, ಮಕ್ಕಳು ಬರೆದದ್ದನ್ನು ಅದೇ ಚೀಲಕ್ಕೆ ಹಾಕುವರು. ಗಿರಣಿಯ ಕಾಕಾ ಓದಿದ್ದು 4ನೇ ಇಯತ್ತೆ, ಆದರೆ ಯಾವ ಮನೆಯ ಹಾಳೆ ಹಾಗೇ ಉಳಿದಿದೆ ಅಂತ ಅವನಿಗೆ ನೋಡಿದ ಕೂಡಲೇ ತಿಳಿಯುತ್ತಿತ್ತು. ಹಿಟ್ಟಿಗೆ ಬಂದವರನ್ನು ತಡೆದು, "ನಿಮ್ಮ ಹುಡುಗನ ಲೆಕ್ಕ ಇಲ್ಲೇ ಕೂತೈತಿ, ಮೊದಲು ತಗೊಂಡು ಹೋಗ್ರಿ" ಅನ್ನುತ್ತಿದ್ದ. ತಿದ್ದಲು ಬಂದ ಹಾಳೆಗಳನ್ನು ಮಾಸ್ತರು ಕಟ್ಟೆಯ ಮೇಲೆ ಕೊಡವಿಕೊಂಡು ಒಯ್ಯುತ್ತಿದ್ದರು, ತುಂಬ ಹಿಟ್ಟು.

ಕಲಘಟಗಿ ಅಕ್ಕೋರು

ಅಣ್ಣಾರೆ, ಗಿರಣಿ ನಮಗೆ ಹೊಳೆದೇ ಇರಲಿಲ್ಲ! ನಾವು ಕಿರಾಣಿ ಅಂಗಡಿಯಲ್ಲಿ ಇಟ್ಟಿದ್ದೆವು. ಅಲ್ಲಿ ಉದ್ರಿ ಬಾಕಿ ಇರುವ ಮನೆಯವರು ಬರಲು ಹಿಂಜರಿದರು, ಅವರ ಮಕ್ಕಳ ಹಾಳೆ ಹಾಗೇ ಉಳಿಯುತ್ತಿತ್ತು. ಎರಡು ತಿಂಗಳಾದ ಮೇಲೆ ಇದು ಗೊತ್ತಾಯಿತು. ಹಳೇ ಹುಬ್ಬಳ್ಳಿ ಅಕ್ಕಾ, ನಿಮ್ಮ ಮಗನ ಯೂನಿಫಾರ್ಮ್ ಅಂಗಿಯ ಮಾತು ಓದಿ ಮುಂದೆ ಓದಲು ಆಗಲಿಲ್ಲ. ಈಗ ಅವನು ಹೇಗಿದ್ದಾನೆ?

ಹಳೇ ಹುಬ್ಬಳ್ಳಿ ತಾಯಿ

ಚೆನ್ನಾಗಿದ್ದಾನೆ ಅಕ್ಕೋರೆ. ಎಸ್‌ಎಸ್‌ಎಲ್‌ಸಿ ಮುಗಿಸಿದ. ಆ ಟೀಚರ್‌ಗೆ ರಿಸಲ್ಟ್ ದಿನ ಮೊದಲ ಫೋನ್ ಮಾಡಿದ್ದು ಅವನೇ.

ಧಾರವಾಡ ಗಣಿತ ಸರ್

ನಾನು ಧಾರವಾಡದ ಒಂದು ಅನುದಾನಿತ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ನಮ್ಮದು ಊರೊಳಗಿನ ಶಾಲೆ, ಬಹಳಷ್ಟು ಮನೆಗಳಲ್ಲಿ ಫೋನ್ ಇತ್ತು. ಹಾಗಾಗಿ ನಮ್ಮ ತೊಂದರೆ ಬೇರೆ ಥರ.

ಮೊದಲಿಗೆ ಗೊಂದಲ. 2020ರ ಜೂನ್‌ನಲ್ಲಿ ಸರಕಾರ ಸಣ್ಣ ತರಗತಿಗಳಿಗೆ ಆನ್‌ಲೈನ್ ಕ್ಲಾಸ್ ಬೇಡ ಅಂತ ಆದೇಶ ಮಾಡಿತು. ಮೊದಲು 5ನೇ ತರಗತಿ ತನಕ, ಆಮೇಲೆ 7ರ ತನಕ ಅಂದರು. ಜುಲೈ 8ಕ್ಕೆ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ನಮ್ಮ ಸಂಸ್ಥೆಯ ಪ್ರಾಥಮಿಕ ವಿಭಾಗದವರಿಗೆ ಆ ತಿಂಗಳು ಪಾಲಕರಿಗೆ ಏನು ಹೇಳಬೇಕು ಅನ್ನುವುದೇ ತಿಳಿಯಲಿಲ್ಲ.

ಹೈಸ್ಕೂಲಿನ ಕ್ಲಾಸ್ ಗೂಗಲ್ ಮೀಟ್‌ನಲ್ಲಿ ನಡೆಯಿತು. ನಮ್ಮ ಮನೆ ಅಡುಗೆಮನೆಯ ಎರಡು ಸ್ಟೀಲ್ ಡಬ್ಬಿ, ಅವುಗಳ ಮೇಲೆ ಅಡ್ಡಲಾಗಿ ಮರದ ಅಳತೆಪಟ್ಟಿ, ಪಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿ ಫೋನ್ ಕೆಳಮುಖ ಮಾಡಿ ಕಟ್ಟುತ್ತಿದ್ದೆ. ಕೆಳಗೆ ನೋಟ್‌ಬುಕ್. ಮಕ್ಕಳಿಗೆ ನನ್ನ ಕೈ ಮತ್ತು ಲೆಕ್ಕ ಮಾತ್ರ ಕಾಣುತ್ತಿತ್ತು. ನನಗೆ ಅವರು ಯಾರೂ ಕಾಣುತ್ತಿರಲಿಲ್ಲ. ಎಲ್ಲರ ಕ್ಯಾಮೆರಾ ಬಂದ್. ಮೊದಲು ಸಿಟ್ಟು ಬರುತ್ತಿತ್ತು, ಕ್ಯಾಮೆರಾ ಹಾಕಿ ಅಂತ ಜೋರು ಮಾಡುತ್ತಿದ್ದೆ. ಒಂದು ದಿನ ಒಬ್ಬಳು ಹುಡುಗಿ ಕ್ಲಾಸ್ ಮುಗಿದ ಮೇಲೆ ಫೋನ್ ಮಾಡಿ, "ಸರ್, ನಮ್ಮದು ಒಂದೇ ಕೋಣೆ, ಅಪ್ಪ ಅಲ್ಲೇ ಮಲಗಿರುತ್ತಾರೆ" ಅಂದಳು. ಅವತ್ತಿನಿಂದ ಕ್ಯಾಮೆರಾ ವಿಷಯ ಎತ್ತಲಿಲ್ಲ. ನೀವೂ ಯಾರೂ ಎತ್ತಬೇಡಿ. ಮನೆ ತೋರಿಸಲು ಸಂಕೋಚ ಆಗುವ ಮಕ್ಕಳು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ.

ಹಾಗಾದರೆ ಮಕ್ಕಳು ಇದ್ದಾರೋ ಇಲ್ಲವೋ ತಿಳಿಯುವುದು ಹೇಗೆ? ಹಾಜರಿಗೆ "ಯೆಸ್ ಸರ್" ಅನ್ನುವುದನ್ನು ಬಿಡಿಸಿದೆ. ಹೆಸರು ಕೂಗಿದಾಗ ಅವತ್ತಿನ ಒಂದು ಸುದ್ದಿ ಹೇಳಬೇಕು, ಒಂದೇ ವಾಕ್ಯ. "ಎಮ್ಮೆ ಕರು ಹಾಕಿದೆ ಸರ್." "ಕೆಲಗೇರಿ ಕೆರೆ ತುಂಬಿದೆ." "ಇವತ್ತು ನಮ್ಮನೆಯಲ್ಲಿ ಉಂಡಿ ಕಟ್ಟುತ್ತಿದ್ದಾರೆ." ಹಾಜರಿಗೆ ಐದು ನಿಮಿಷ ಹೋಗುತ್ತಿದ್ದದ್ದು ಹದಿನೈದು ನಿಮಿಷ ಆಯಿತು. ಲೆಕ್ಕ ಕಡಿಮೆ ಆಯಿತು, ಒಪ್ಪುತ್ತೇನೆ. ಆದರೆ ಒಬ್ಬ ಹುಡುಗ ಮೂರು ದಿನ ಸತತ "ಏನೂ ಇಲ್ಲ ಸರ್" ಅಂದಾಗ ನನಗೆ ಅನುಮಾನ ಬಂತು. ಸಂಜೆ ಫೋನ್ ಮಾಡಿದರೆ ಅಜ್ಜ ತೀರಿಕೊಂಡಿದ್ದರು, ಆಸ್ಪತ್ರೆಯಿಂದ ಮನೆಗೂ ತರಲಾಗಿರಲಿಲ್ಲ. ಬರೀ "ಯೆಸ್ ಸರ್" ಅನ್ನಿಸಿಕೊಂಡು ಕೂತಿದ್ದರೆ ನನಗೆ ಇದು ಗೊತ್ತೇ ಆಗುತ್ತಿರಲಿಲ್ಲ.

ಕುಂದಗೋಳ ನಿವೃತ್ತ ಮಾಸ್ತರು

ಎಲ್ಲ ಓದಿದೆ. ಒಂದು ಮಾತಿಗೆ ನನ್ನ ತಕರಾರು ಇದೆ ತಂಗಿ. ಪಾಠದ ವಿಡಿಯೋದಿಂದ ವ್ಯತ್ಯಾಸ ಆಗಲಿಲ್ಲ ಅಂತ ಬರೆದಿದ್ದೀ. ಹಾಗೆ ಅನ್ನಬೇಡ. 2020ರ ಜುಲೈನಲ್ಲಿ ಚಂದನ ಟಿವಿಯಲ್ಲಿ ಸೇತುಬಂಧ ಅಂತ ಪಾಠ ಶುರುವಾಯಿತು, ಆಮೇಲೆ ಸಂವೇದ ಪಾಠಗಳು ಬಂದವು. ನಮ್ಮ ಹಳ್ಳಿಯಲ್ಲಿ ಟಚ್ ಫೋನ್ ಬೆರಳೆಣಿಕೆಯಷ್ಟು, ಟಿವಿ ಮಾತ್ರ ಓಣಿಗೆ ನಾಲ್ಕಾರು ಇದ್ದವು. ನಾನು ದಿನಾ ಸಂಜೆ ನಾಳೆಯ ಪಾಠದ ವೇಳೆಯನ್ನು ಗುಡಿ ಕಟ್ಟೆಯ ಗೋಡೆಗೆ ಇದ್ದಲಿನಿಂದ ಬರೆಯುತ್ತಿದ್ದೆ. ಯಾವ ತರಗತಿ, ಯಾವ ವಿಷಯ, ಎಷ್ಟು ಗಂಟೆಗೆ. ಮಳೆ ಬಂದರೆ ಅಳಿಸಿ ಹೋಗುತ್ತಿತ್ತು, ಮತ್ತೆ ಬರೆಯುತ್ತಿದ್ದೆ. ಹುಡುಗರು ಪಡಸಾಲೆಯಲ್ಲಿ ಕೂತು ನೋಡಿದರು, ಬರೆದುಕೊಂಡರು. ಚೆನ್ನಾಗಿ ಕಲಿಸಿದ ಪಾಠ ಮಗುವಿಗೆ ಧೈರ್ಯ ಕೊಡುತ್ತದೆ. ಯಾರೋ ಬಂದು ಹೇಗಿದ್ದೀ ಅಂತ ಕೇಳಿ ಹೋದರೆ ಹಿಗ್ಗು ಆಗುತ್ತದೆ ನಿಜ, ಆದರೆ ಭಾಗಾಕಾರ ಬರುವುದಿಲ್ಲವಲ್ಲ. 2022ರಲ್ಲಿ ಕಲಿಕಾ ಚೇತರಿಕೆ ಅಂತ ಹಿಂದಿನ ತರಗತಿಗಳ ಕಲಿಕೆಯನ್ನೇ ಮತ್ತೆ ಹಿಡಿಯಬೇಕಾಯಿತು, ನೆನಪಿದೆಯಾ? ಓದಲು ಬಾರದೆ 5ಕ್ಕೆ ಬಂದ ಮಕ್ಕಳನ್ನು ನಾವೇ ನೋಡಿದೆವು.

ಕಲಘಟಗಿ ಅಕ್ಕೋರು

ಗುರುಗಳೆ, ನಿಮ್ಮ ಮಾತು ಒಪ್ಪಿದೆ. ನಾನು ಅವಸರದಲ್ಲಿ ಒಂದೇ ಏಟಿಗೆ ಬರೆದುಬಿಟ್ಟೆ. ಪಾಠ ಬೇಕೇ ಬೇಕು. ನಾನು ಹೇಳಲು ಹೊರಟದ್ದು ಇಷ್ಟು: ಪಾಠ ಕಳಿಸಿದ ಮೇಲೆ ಅದು ತಲುಪದ ಮನೆ ಯಾವುದು ಅಂತ ಹುಡುಕುವ ಕೆಲಸ ಒಂದಿದೆ, ಅದನ್ನು ಯಾರೂ ಯಾರಿಗೂ ಹಂಚುವುದಿಲ್ಲ. ನೀವು ಗೋಡೆಯ ಮೇಲೆ ಬರೆದಿರಿ. ಸಂಜೆ ಕಟ್ಟೆಯ ಹತ್ತಿರ ಬರದ ಹುಡುಗರು ಯಾರು ಅಂತ ನಿಮಗೆ ಗೊತ್ತಿತ್ತು ಅಲ್ವಾ? ಗೊತ್ತಿದ್ದೇ ಇರುತ್ತದೆ.

ಕುಂದಗೋಳ ನಿವೃತ್ತ ಮಾಸ್ತರು

ಗೊತ್ತಿತ್ತು. ಏಳು ಹುಡುಗರು. ಮೂವರು ಕುರಿ ಕಾಯುತ್ತಿದ್ದರು. ಅವರಿಗೆ ಬೆಳಗ್ಗೆ ಆರಕ್ಕೆ, ಕುರಿ ಬಿಡುವ ಮೊದಲು, ಹಟ್ಟಿಯ ಹತ್ತಿರ ಹೋಗಿ ಮಗ್ಗಿ ಹೇಳಿಸುತ್ತಿದ್ದೆ.

ಲಕ್ಷ್ಮೇಶ್ವರ 2021 ಬ್ಯಾಚ್

ಸರ್, ಮೇಡಂ, ಎಲ್ಲರಿಗೂ ನಮಸ್ತೆ. ನಾನು ಆಗ 10ನೇ ತರಗತಿ. ಗದಗ ಜಿಲ್ಲೆ ಲಕ್ಷ್ಮೇಶ್ವರ ಹತ್ತಿರದ ಹಳ್ಳಿ. ವಿದ್ಯಾರ್ಥಿಗಳ ಕಡೆಯಿಂದ ಯಾರೂ ಬರೆದಿಲ್ಲ ಅಂತ ಬರೆಯುತ್ತಿದ್ದೇನೆ.

2021ರ ಜನವರಿ 1ಕ್ಕೆ 10ನೇ ತರಗತಿಗೆ ಶಾಲೆ ತೆರೆದರು. ಆ ಮೂರ್ನಾಲ್ಕು ತಿಂಗಳೇ ನಮ್ಮ 10ನೇ ತರಗತಿ ಅನ್ನಬಹುದು. ಆಮೇಲೆ ಎರಡನೇ ಅಲೆ ಬಂದು ಮತ್ತೆ ಮುಚ್ಚಿತು. ಪರೀಕ್ಷೆ ಇರುತ್ತದೋ ಇಲ್ಲವೋ ಅಂತಲೇ ಮೇ, ಜೂನ್ ಹೋಯಿತು. ಕೊನೆಗೆ ಎರಡೇ ದಿನ ಪರೀಕ್ಷೆ ಅಂದರು, ಜುಲೈ 19 ಮತ್ತು 22. ಒಂದು ದಿನ ಗಣಿತ, ವಿಜ್ಞಾನ, ಸಮಾಜ. ಇನ್ನೊಂದು ದಿನ ಮೂರು ಭಾಷೆ. ಒಂದೊಂದು ವಿಷಯಕ್ಕೆ 40 ಪ್ರಶ್ನೆ, ಸರಿ ಉತ್ತರದ ಗುಂಡಿ ತುಂಬುವುದು. ಆ ಓಎಂಆರ್ ಹಾಳೆಯನ್ನು ನಾವು ಯಾರೂ ಕಂಡಿರಲಿಲ್ಲ. ನಮ್ಮ ಸರ್ ಝೆರಾಕ್ಸ್ ಮಾಡಿಸಿ ಬೈಕ್ ಮೇಲೆ ಊರೂರಿಗೆ ತಂದು ಕೊಟ್ಟರು, ಗುಂಡಿ ಹೇಗೆ ತುಂಬಬೇಕು ಅಂತ ನಮ್ಮ ಪಂಚಾಯಿತಿ ಕಟ್ಟೆಯ ಮೇಲೆ ಕೂತು ತೋರಿಸಿದರು.

ಅವತ್ತು ಸರ್ ನಮ್ಮನ್ನು ಒಂದು ಮಾತು ಕೇಳಿದರು. "ಗ್ರೂಪಿನಲ್ಲಿ ಹೆಸರಿದೆ, ಆದರೆ ಏಪ್ರಿಲ್‌ನಿಂದ ಕಾಣದವರು ಯಾರು? ನನಗಿಂತ ನಿಮಗೆ ಚೆನ್ನಾಗಿ ಗೊತ್ತಿರುತ್ತದೆ." ನಾವು ಇಬ್ಬರ ಹೆಸರು ಹೇಳಿದೆವು. ಅದರಲ್ಲಿ ಒಬ್ಬ ನನ್ನ ಜೊತೆ 1ನೇ ತರಗತಿಯಿಂದ ಒಂದೇ ಬೆಂಚಿನಲ್ಲಿ ಕೂತವನು. ಹುಬ್ಬಳ್ಳಿಯಲ್ಲಿ ಗ್ಯಾರೇಜ್ ಸೇರಿದ್ದ. ಅವನ ನಂಬರ್ ಬದಲಾಗಿತ್ತು, ಗ್ರೂಪಿನಲ್ಲಿ ಇದ್ದದ್ದು ಅವನ ಮಾವನ ಹಳೇ ನಂಬರ್. ಪರೀಕ್ಷೆ ಇದೆ ಅನ್ನುವುದೇ ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ. ನಾನು ಅವನ ಅವ್ವನ ಹತ್ತಿರ ಹೊಸ ನಂಬರ್ ಇಸಿದುಕೊಂಡು ಬಂದೆ, ಸರ್ ಅಲ್ಲೇ ಫೋನ್ ಮಾಡಿದರು. ಏನೂ ಓದಿಲ್ಲ ಸರ್, ಬರುವುದಿಲ್ಲ ಅಂದ. ಸರ್ ಬೈಯಲಿಲ್ಲ. "ಹಾಲ್ ಟಿಕೆಟ್ ನನ್ನ ಹತ್ತಿರ ಇದೆ. 18ರ ಸಂಜೆ ಊರಿಗೆ ಬಂದುಬಿಡು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ" ಅಂದರು. ಗ್ಯಾರೇಜ್ ಮಾಲೀಕರ ಜೊತೆಗೂ ಮಾತಾಡಿದರು.

ಬಂದ. ಕೈಗೆ ಗ್ರೀಸ್ ಹಾಗೇ ಇತ್ತು, ಉಗುರಿನ ಸಂದಿಯಲ್ಲಿ. ಹಾಳೆಗೆ ಹತ್ತಿದರೆ ಕಷ್ಟ ಅಂತ ನಮ್ಮ ಅವ್ವ ಹಿತ್ತಲಲ್ಲಿ ಸೀಮೆಎಣ್ಣೆ ಹಚ್ಚಿ ತಿಕ್ಕಿ ತೊಳೆಸಿದಳು. ಆ ವರ್ಷ ಬರೆದವರಲ್ಲಿ ಇಡೀ ರಾಜ್ಯದಲ್ಲಿ ಒಬ್ಬರನ್ನು ಬಿಟ್ಟು ಎಲ್ಲರೂ ಪಾಸ್. ಅಂದರೆ ಪರೀಕ್ಷೆಗೆ ಬಂದರೆ ಸಾಕಿತ್ತು. ಬರದೇ ಇದ್ದಿದ್ದರೆ ಅವನು ಇವತ್ತಿಗೂ 9 ಪಾಸ್. ಆ ಮಾರ್ಕ್ಸ್ ಕಾರ್ಡಿನ ಮೇಲೆ ಐಟಿಐ ಸೇರಿದ, ಈಗ ಕೆಲಸದಲ್ಲಿದ್ದಾನೆ. ಇನ್ನೊಬ್ಬಳಿಗೆ ಅಷ್ಟರಲ್ಲಿ ಮದುವೆ ಗೊತ್ತು ಮಾಡಿದ್ದರು. ಸರ್ ಎರಡು ಸಲ ಅವರ ಮನೆಗೆ ಹೋದರು. ಅವಳು ಬರಲಿಲ್ಲ.

ಬೆಟಗೇರಿ ನೇಕಾರರ ಮನೆ

ಲಕ್ಷ್ಮೇಶ್ವರದ ತಮ್ಮಾ, ಚೆನ್ನಾಗಿ ಬರೆದಿದ್ದೀಯ. ಆ ಹುಡುಗಿಯ ಮಾತು ನಮ್ಮ ಓಣಿಯಲ್ಲೂ ಇದೆ, ಬೇರೆ ಹೆಸರು ಅಷ್ಟೇ.

ನಾನು ಗ್ರೂಪ್ ಬಗ್ಗೆ ಹೇಳುತ್ತೇನೆ. ನಮ್ಮ ತರಗತಿ ಗ್ರೂಪಿನ ಅಡ್ಮಿನ್ ನಾನೇ ಇದ್ದೆ. ಮೊದಲ ಎರಡು ತಿಂಗಳು ಗುಡ್ ಮಾರ್ನಿಂಗ್, ದೇವರ ಫೋಟೋ, ಕೊರೊನಾಕ್ಕೆ ಕಷಾಯ, ಯಾರೋ ಕಳಿಸಿದ ಸುಳ್ಳು ಸುದ್ದಿ. ಟೀಚರ್ ಹಾಕಿದ ಹೋಮ್‌ವರ್ಕ್ ಮೇಲೆ ಹೋಗಿ ಹುಡುಕಬೇಕು. ದಿನಕ್ಕೆ ಹತ್ತಿಪ್ಪತ್ತು ರೂಪಾಯಿ ರೀಚಾರ್ಜ್ ಲೆಕ್ಕ ಹಾಕುವ ಮನೆಯಲ್ಲಿ ಆ ಫೋಟೋಗಳಿಗೇ ನೆಟ್ ಖರ್ಚು. ಆಮೇಲೆ ಟೀಚರ್ ಮತ್ತೆ ನಾನು ಕೂತು ಎರಡು ಗ್ರೂಪ್ ಮಾಡಿದೆವು. ಒಂದರಲ್ಲಿ ಟೀಚರ್ ಮಾತ್ರ ಹಾಕುವುದು, ಅದೂ ವಿಡಿಯೋ ಬೇಡ, ಧ್ವನಿ ಮತ್ತು ಫೋಟೋ ಸಾಕು. ಇನ್ನೊಂದು ತಾಯಂದಿರ ಮಾತಿಗೆ. ಈ ಎರಡನೆಯದರಲ್ಲಿ ಒಂದು ರಾತ್ರಿ ಒಬ್ಬಳು ಬರೆದಳು, "ಮಗ್ಗ ನಿಂತು ಒಂದೂವರೆ ತಿಂಗಳು ಆಯಿತು, ನಾಳೆಗೆ ಜೋಳ ಇಲ್ಲ." ಬರೆದು ಐದು ನಿಮಿಷಕ್ಕೆ ಅಳಿಸಿದಳು. ನಾನು ನೋಡಿಬಿಟ್ಟಿದ್ದೆ. ಬೆಳಗಾಗುವಷ್ಟರಲ್ಲಿ ಅವಳ ಮನೆ ಬಾಗಿಲಿಗೆ ಜೋಳದ ಚೀಲ ಮುಟ್ಟಿಸಿದೆವು. ಟೀಚರ್ ಇದ್ದ ಗ್ರೂಪಿನಲ್ಲಿ ಅವಳು ಅಷ್ಟೂ ಬರೆಯುತ್ತಿರಲಿಲ್ಲ. ತಾಯಂದಿರಿಗೆ ಬೇರೆ ಜಾಗ ಬೇಕು.

ರಾಣೆಬೆನ್ನೂರು ಅಪ್ಪ

ನನ್ನ ಮಗಳಿಗೆ ಕಿವಿ ಕೇಳುವುದಿಲ್ಲ. ಅವಳಂಥವರ ಮಾತು ಇಲ್ಲಿ ಬರಲಿ ಅಂತ ನಾಲ್ಕು ಸಾಲು ಬರೆಯುತ್ತೇನೆ. ಫೋನಿನಲ್ಲಿ ವಿಚಾರಿಸಿ ಅಂತ ಎಲ್ಲ ಬರೆದಿದ್ದೀರಿ, ಅವಳಿಗೆ ಫೋನ್ ಕರೆ ಕೆಲಸಕ್ಕೆ ಬಾರದು. ಮನೆಗೆ ಬಂದ ಮಾಸ್ತರರು ಮಾಸ್ಕ್ ಹಾಕಿರುತ್ತಿದ್ದರು, ಹಾಕಲೇಬೇಕಿತ್ತು, ಆದರೆ ಅವಳು ಅರ್ಧ ಮಾತು ತುಟಿ ನೋಡಿಯೇ ಹಿಡಿಯುವವಳು. ಒಮ್ಮೆ ಮಾಸ್ತರು ಹೋದ ಮೇಲೆ ಅವಳು ತನ್ನ ಬಾಯಿ ಕೈಯಿಂದ ಮುಚ್ಚಿಕೊಂಡು ತಲೆ ಅಲ್ಲಾಡಿಸಿದಳು. ನನಗೆ ಆಗ ತಿಳಿಯಿತು.

ಅವಳ ಶಾಲೆಯ ಟೀಚರ್ ಮನೆಯಲ್ಲೇ ಮಾಸ್ಕ್ ಇಲ್ಲದೆ, ಕಿಟಕಿ ಎದುರು ನಿಂತು, ಮುಖಕ್ಕೆ ಬೆಳಕು ಬೀಳುವ ಹಾಗೆ ವಿಡಿಯೋ ಮಾಡಿ ಕಳಿಸಿದರು. ಸಂಜೆ ಆರಕ್ಕೆ ನಾಲ್ಕು ಹುಡುಗಿಯರು ಸೇರಿ ವಿಡಿಯೋ ಕಾಲ್‌ನಲ್ಲಿ ಕೈಸನ್ನೆಯಲ್ಲಿ ಮಾತಾಡುತ್ತಿದ್ದರು. ನೆಟ್‌ವರ್ಕ್ ಹೋದರೆ ಗೆಳತಿಯ ಕೈ ಅರ್ಧದಲ್ಲೇ ನಿಂತುಬಿಡುವುದು. ಇವಳು ಆ ನಿಂತ ಕೈ ನೋಡುತ್ತಾ ಅದು ಮತ್ತೆ ಅಲುಗಾಡುವ ತನಕ ಕಾಯುತ್ತಿದ್ದಳು. ಫೋನ್ ಹಿಡಿದು ಮಾಳಿಗೆ ಹತ್ತುತ್ತಿದ್ದೆವು, ಅಲ್ಲಿ ಸ್ವಲ್ಪ ಸಿಗ್ನಲ್ ಜಾಸ್ತಿ. ಹಾಗಾಗಿ ಅಕ್ಕೋರೆ, ನಿಮ್ಮ ನೋಟ್‌ಬುಕ್‌ನಲ್ಲಿ ಈ ಮಗುವಿನ ಜೊತೆ ಹೇಗೆ ಮಾತಾಡಬೇಕು ಅನ್ನುವುದಕ್ಕೂ ಒಂದು ಸಾಲು ಇರಲಿ.

ಕಲಘಟಗಿ ಅಕ್ಕೋರು

ಅಣ್ಣಾರೆ, ಖಂಡಿತ ಬರೆಯುತ್ತೇನೆ. ಆ ಸಾಲು ನನ್ನ ಹಳೇ ನೋಟ್‌ಬುಕ್‌ನಲ್ಲಿ ಇಲ್ಲ, ಇರಬೇಕಿತ್ತು.

ಹಾನಗಲ್ ಎಸ್‌ಡಿಎಂಸಿ

ಅಕ್ಕೋರೆ, ಹೊಸ ನೋಟ್‌ಬುಕ್ ಶುರು ಮಾಡುವುದಾದರೆ ಏನೇನು ಬರೆಯುತ್ತೀರಿ ಹೇಳಿ. ನಮ್ಮ ಶಾಲೆಗೂ ಮಾಡಿಸುತ್ತೇನೆ. ಮಳೆಗಾಲ ಈಗಷ್ಟೇ ಶುರು, ಇನ್ನೂ ಎಷ್ಟು ರಜೆ ಬರುತ್ತದೋ.

ಕಲಘಟಗಿ ಅಕ್ಕೋರು

ಹೊಸ ಸರ್ ಜೊತೆ ನಿನ್ನೆ ಕೂತು ಮಾಡಿದ್ದೇವೆ. ಫೋನ್ ಯಾರದು, ಆ ಫೋನ್ ಮನೆಯಲ್ಲಿ ಎಷ್ಟು ಗಂಟೆಗೆ ಇರುತ್ತದೆ, ಅದು ಹತ್ತದಿದ್ದರೆ ಎರಡನೇ ನಂಬರ್ ಯಾರದು, ಓಣಿಯಲ್ಲಿ ಆ ಮನೆಗೆ ಹತ್ತಿರದ ಇನ್ನೊಂದು ಮಗು ಯಾವುದು, ಮಗುವಿಗೆ ಹೇಗೆ ಹೇಳಿದರೆ ತಿಳಿಯುತ್ತದೆ. ಇಷ್ಟು. ಪುಟದ ಕೆಳಗೆ ಅರ್ಧ ಜಾಗ ಖಾಲಿ ಬಿಡಬೇಕು, ಕೊನೆಯ ಸಲ ಆ ಮಗುವಿನ ದನಿ ಕೇಳಿದ ದಿನಾಂಕ ಬರೆಯಲು. ಮೆಸೇಜ್ ಬಂದ ದಿನ ಅಲ್ಲ, ದನಿ ಕೇಳಿದ ದಿನ. ದನಿಯಲ್ಲಿ ಮಾತಾಡದ ಮಗುವಾದರೆ ಮುಖ ನೋಡಿದ ದಿನ. ಹತ್ತು ದಿನ ದಾಟಿದರೆ ಮನೆಗೆ ಹೋಗಬೇಕು. ಜೂನ್‌ನಲ್ಲಿ ಒಮ್ಮೆ, ದಸರಾ ರಜೆ ಆದ ಮೇಲೆ ಒಮ್ಮೆ ನಂಬರ್ ಎಲ್ಲ ಮತ್ತೆ ಕೇಳಬೇಕು. ನಂಬರ್ ಬಹಳ ಬೇಗ ಬದಲಾಗುತ್ತವೆ, ಲಕ್ಷ್ಮೇಶ್ವರದ ತಮ್ಮ ಬರೆದಿದ್ದಾನಲ್ಲ.

ದನಿ ಯಾಕೆ ಅಂದೆ ಅಂದರೆ, 2020ರ ಜೂನ್‌ನಲ್ಲಿ 1ನೇ ತರಗತಿಗೆ ಹೆಸರು ಹಚ್ಚಿದ ಮಕ್ಕಳು ತರಗತಿ ಕೋಣೆಯಲ್ಲಿ ಕೂತದ್ದು 2021ರ ಅಕ್ಟೋಬರ್ 25ಕ್ಕೆ, ಅಷ್ಟೊತ್ತಿಗೆ ಅವರು 2ನೇ ತರಗತಿ. ಆ ದಿನ ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದೆವು. ಗದ್ದಲವೇ ಇಲ್ಲ. ನೀರಿನ ನಲ್ಲಿ ಎಲ್ಲಿದೆ, ಚಪ್ಪಲಿ ಎಲ್ಲಿ ಬಿಡಬೇಕು, ಅವಕ್ಕೆ ಏನೂ ಗೊತ್ತಿಲ್ಲ. ಒಬ್ಬ ಹುಡುಗ ತನ್ನ ಚೀಲ ತೊಡೆಯ ಮೇಲೆ ಇಟ್ಟುಕೊಂಡು ಬಾಗಿಲು ನೋಡುತ್ತಾ ಕೂತಿದ್ದ, ಅಳು ಬರುವ ಹಾಗಿತ್ತು. ಅವರ ಮನೆಗೆ ಹೋದಾಗಲೆಲ್ಲ ಅವನು ಹೊಲಕ್ಕೋ ಮಾವನ ಊರಿಗೋ ಹೋಗಿರುತ್ತಿದ್ದ, ನನ್ನ ಮುಖ ನೋಡಿಯೇ ಇರಲಿಲ್ಲ. ಅಪ್ಪನ ಫೋನಿನಲ್ಲಿ ಮಾತ್ರ ಮಾತಾಡುತ್ತಿದ್ದೆ. ನಾನು ಹಾಜರಿ ಕೂಗಲು ಶುರು ಮಾಡಿದೆ. ಎರಡು ಹೆಸರು ಕೂಗುವಷ್ಟರಲ್ಲಿ ಅವನು ಎದ್ದು ನಿಂತ. "ಅಕ್ಕೋರ, ರಾತ್ರಿ ಫೋನ್ ಹಚ್ಚೋರು ನೀವಾ?" ಅಂದ. ಹೌದಪ್ಪಾ ಅಂದೆ. ಚೀಲ ಕೆಳಗಿಟ್ಟ.

ನಾಳೆ ಶಾಲೆ ಇದೆ. ಆ 12 ಮಕ್ಕಳಲ್ಲಿ 9 ಮನೆಗೆ ಹೊಸ ಸರ್ ಇವತ್ತು ಹೋಗಿ ಬಂದರು. ಮೂರು ಮನೆ ಉಳಿದಿವೆ. ಹಳ್ಳ ಇಳಿದರೆ ಸಂಜೆ ಹೋಗುತ್ತೇವೆ.

ಹಾನಗಲ್ ಎಸ್‌ಡಿಎಂಸಿ

ಇದನ್ನೆಲ್ಲ ಬರೆದುಕೊಂಡೆ. ಗಿರಣಿಯ ಕಾಕಾ ಈಗ ಇಲ್ಲ, ಅವನ ಮಗ ನಡೆಸುತ್ತಾನೆ. ಕೇಳಿದೆ, ಚೀಲ ನೇತು ಹಾಕಿದ ಮೊಳೆ ಇನ್ನೂ ಗೋಡೆಯಲ್ಲೇ ಇವೆಯಂತೆ.